ಬೋಳುಗತ್ತಿನ ಮರಿಗಳು

ಇನ್ಶಿರಾ ಮೊಟ್ಟೆಯನ್ನು ಬಿಸಿಲಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. ಮೂರು ವಾರ ಕಾವು ಕಂಡ ಮೊಟ್ಟೆಯೆಂದರೆ ಒಳಗೆಲ್ಲ ಮರಿ ತುಂಬಿ ಕಪ್ಪಗೆ ಕಾಣಬೇಕು. ಇಲ್ಲವೇ ಕೆಟ್ಟು ನೀರಾಗಿ ಕುಲುಕಬೇಕು. ಇದು ಎರಡೂ ಅಲ್ಲ. ಕೆಂಪು ನರಗಳ ನಡುವೆ ಇನ್ನೂ ಅರ್ಧ ಬೆಳೆದದ್ದೇನೋ ಮಿಸುಕಿತು. ಅದನ್ನು ಕೋಳಿಯ ಹೊಟ್ಟೆಯಡಿಗೆ ಸರಿಸಿ ಇನ್ನೊಂದನ್ನು ಎತ್ತಿದಳು. ಅದೂ ಹಾಗೇ. ಕಾವಿನ ಕೋಳಿ ಗರಿಯುಬ್ಬಿಸಿ ಗುರುಗುಟ್ಟುತ್ತ ಅವಳ ಮಣಿಕಟ್ಟಿಗೆ ಕುಕ್ಕಿತು.

"ಎಸೀಬೇಡಿ ಯಮ್ಮಾ," ಎಂದಳು ಹಿಂದಿನಿಂದ ಸೊಸೆ ವಿದಾದ್. ಒಗೆದ ಬಟ್ಟೆಯ ಬಕೆಟ್ ಹಿಡಿದು ಮಾಳಿಗೆಯ ಬಾಗಿಲಲ್ಲೇ ನಿಂತಿದ್ದಳು. "ಇನ್ನೊಂದು ವಾರ ಕೂತ್ಕೊಳ್ಲಿ. ಆಗ್ತವೆ."

ಇನ್ಶಿರಾ ತಿರುಗಿದಳು. "ಒಂದು ವಾರ ಅಂತ ನಿಂಗ್ಯಾರು ಹೇಳಿದ್ರು?"

"ಸುಮ್ನೆ, ಅಂದಾಜಿಗೆ ಅಂದೆ."

ಅಷ್ಟು ಹೇಳಿ ವಿದಾದ್ ಬಕೆಟ್ಟಿಗೆ ಬಗ್ಗಿದಳು. ಗಂಡ ಶಾಬಾನನ ಅಂಗಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೊಡವಿ, ಅತ್ತೆಯ ಮುಖಕ್ಕೂ ತನ್ನ ಮುಖಕ್ಕೂ ನಡುವೆ ಬರುವಂತೆ ಅದನ್ನು ಹಗ್ಗದ ಮೇಲೆ ಹರವಿದಳು. ಇನ್ಶಿರಾ ಅದನ್ನು ಗಮನಿಸಿದಳು. ಸೊಸೆ ಮನೆಗೆ ಬಂದಾಗಿನಿಂದ ಅವಳು ಗಮನಿಸದೆ ಬಿಟ್ಟದ್ದೇ ಕಡಿಮೆ.

ಆ ಮಾಳಿಗೆಯ ಕೋಳಿಗಳು ಇನ್ಶಿರಾಳ ಜೊತೆ ಅವಳ ತವರಿನಿಂದ ಬಂದವು. ಬೂದು ಮೈಗೆ ಬಿಳಿ ಚುಕ್ಕೆ, ನೆಟ್ಟನೆಯ ಬಾಲ. ತಾಯಿ ಮದುವೆಯ ದಿನ ಮಂಕರಿಯಲ್ಲಿ ಕೂರಿಸಿ ಕಳಿಸಿದ್ದ ಜೋಡಿಯ ಸಂತಾನ. ಗಂಡ ತೀರಿಹೋದ, ಹೆಣ್ಣುಮಕ್ಕಳು ಗಂಡನ ಮನೆ ಸೇರಿದರು, ಆ ತಳಿ ಮಾತ್ರ ಮಾಳಿಗೆ ಬಿಟ್ಟು ಕದಲಲಿಲ್ಲ. ಚಳಿಗಾಲದ ಕೊನೆಗೆ ಊರಿಗೆ ರೋಗ ಬಂತು. ಹುಂಜವೂ ಹೋಯಿತು, ಬಹಳಷ್ಟು ಹೇಟೆಗಳೂ ಹೋದವು. ಉಳಿದ ಹೇಟೆಗಳು ಹುಂಜ ಸತ್ತ ಮೇಲೆ ಕೆಲವು ದಿನ ಇಟ್ಟ ಮೊಟ್ಟೆಗಳಲ್ಲಿ ಜೀವವಿರುತ್ತದೆಂದು ಇನ್ಶಿರಾಳಿಗೆ ಗೊತ್ತಿತ್ತು. ಅವನ್ನು ಒಂದೊಂದಾಗಿ ಆಯ್ದು, ಮೆತ್ತನೆ ಹೊಟ್ಟಿನಲ್ಲಿಟ್ಟು ಕಾದಳು. ಬೇರೆ ತಳಿಯ ಕೆಂಪು ಕೋಳಿಯೊಂದು ಕಾವಿಗೆ ಬಂದದ್ದೇ ಮಾಳಿಗೆಯ ಮೂಲೆಯ ಹಳೆಯ ಮಣ್ಣಿನ ಒಲೆಯೊಳಗೆ ಅದನ್ನು ಕೂರಿಸಿ, ಬಾಯಿಗೆ ಗೋಣಿ ಇಳಿಬಿಟ್ಟಳು. ಆ ತಳಿಗೆ ಇನ್ನು ಉಳಿದಿದ್ದದ್ದು ಆ ಮೊಟ್ಟೆಗಳೇ.

ಆದರೆ ಅದಕ್ಕೂ ಮುಂಚಿನಿಂದಲೇ ತಿನ್ನುವ ಮೊಟ್ಟೆ ಬುಟ್ಟಿಯಲ್ಲಿ ಕಡಿಮೆಯಾಗುತ್ತಿತ್ತು. ವಿದಾದಳ ತಾಯಿ ಕಾಲುವೆಯಾಚೆಯ ಊರಿನಲ್ಲಿ ಮೊಟ್ಟೆ ಮಾರುವವಳು. ಇನ್ಶಿರಾ ಯಾರನ್ನೂ ಕೇಳಲಿಲ್ಲ. ಮಾಳಿಗೆಯ ಬಾಗಿಲಿಗೆ ಬೀಗ ತಂದು ಹಾಕಿದಳು, ಕೀಲಿಯನ್ನು ಎದೆಯೊಳಗಿಟ್ಟುಕೊಂಡಳು. ಬಟ್ಟೆ ಹರವಬೇಕೆಂದರೂ ಸೊಸೆ ಬಂದು ಕೀಲಿ ಕೇಳಬೇಕಿತ್ತು.

ಮಧ್ಯಾಹ್ನ ನೆರೆಮನೆಯ ಸನಿಯ್ಯಾ ಮುಲೂಖಿಯಾ ಸೊಪ್ಪು ಬಿಡಿಸುವ ನೆಪದಲ್ಲಿ ಬಂದು ಕೂತಳು. ಇನ್ಶಿರಾ ಮೊಟ್ಟೆಗಳ ವಿಷಯ ಹೇಳಿದಳು.

ಸನಿಯ್ಯಾ ದನಿ ಇಳಿಸಿದಳು. "ಹೇಳ್ಬಾರದು ಅಂತಿದ್ದೆ, ಶಾಬಾನನ ತಾಯೀ. ನೀನು ತಂಗಿ ಆಪರೇಷನ್ ಅಂತ ಝಗಾಝೀಗ್‌ಗೆ ಹೋಗಿದ್ಯಲ್ಲ, ನೀನು ವಾಪಸ್ ಬಂದ ಮಾರನೇ ದಿನ ಕಣೇ. ನಿನ್ನ ಸೊಸೆ ಬುಟ್ಟಿ ಮುಚ್ಕೊಂಡು ಸೇತುವೆ ದಾಟ್ತಿದ್ಲು. 'ಎಲ್ಲಿಗವ್ವಾ' ಅಂದ್ರೆ 'ಅಮ್ಮನ ಮನೆಗೆ, ರೊಟ್ಟಿ ಕೊಡೋಕೆ' ಅಂದ್ಲು. ರೊಟ್ಟಿ ಹೊತ್ತವಳು ಹಾಗೆ ಕಾಲೂರಿ ಕಾಲೂರಿ ನಡೀತಾಳಾ? ಒಡೆದುಹೋಗೋದನ್ನ ಹೊತ್ತವಳ ಹಾಗೆ ನಡೀತಿದ್ಲು."

"ನನ್ನ ಹತ್ರ ರೊಟ್ಟಿ ಮಾತೇ ಎತ್ತಲಿಲ್ಲ."

"ಎತ್ತುತಾಳಾ? ಮೊಟ್ಟೆ ಕದ್ರೆ ಕದೀಲಿ ಬಿಡು. ಗೂಡಿಗೆ ಏನಾದ್ರೂ ಮಾಡ್ಸಿ ಇಟ್ಟಿದ್ರೆ? ದಿನ ತುಂಬಿದ್ರೂ ಮರಿ ಬಲೀತಿಲ್ಲ ಅಂದ್ರೆ ಏನರ್ಥ? ಹುಲ್ಲು ಕೆದಕಿ ನೋಡು."

ಇನ್ಶಿರಾ ಹುಲ್ಲು ಕೆದಕಿ ನೋಡಿದಳು. ಕೋಳಿ ಕಾಳಿಗೆಂದು ಎದ್ದಾಗ ಒಲೆಯೊಳಗೆ ತೋಳು ತೂರಿಸಿ, ಮೊಟ್ಟೆಗಳ ಕೆಳಗೆ ಬೆರಳಾಡಿಸಿ, ಬೂದಿಯ ತನಕ ತಡಕಿದಳು. ತಾಯಿತ ಸಿಗಲಿಲ್ಲ, ಗಂಟು ಹಾಕಿದ ದಾರ ಸಿಗಲಿಲ್ಲ. ಏನೂ ಸಿಗದಿದ್ದದ್ದು ಅವಳಿಗೆ ಸಮಾಧಾನ ಕೊಡಲಿಲ್ಲ.

ಸಂಜೆ ಅಕ್ಕಿ ಗಿರಣಿಯಿಂದ ಬಂದ ಮಗನಿಗೆ ಹೇಳಿದಳು. ಶಾಬಾನ್ ತಲೆಯ ಮೇಲಿನ ಹೊಟ್ಟು ಕೊಡವಿಕೊಳ್ಳುತ್ತ ಕೇಳಿದ.

"ಅಮ್ಮಾ, ಈಗ ನಾನೇನು ಮಾಡ್ಲಿ? ಕೋಳಿ ಲೇಟಾಗಿ ಮರಿ ಮಾಡ್ತು ಅಂತ ಹೆಂಡ್ತೀನ ತವರಿಗೆ ಕಳಿಸ್ಲಾ?"

"ಕಳ್ಸು ಅಂದ್ನಾ? ಕೇಳು ಅಂದೆ."

"ನಾನು ಕೇಳಲ್ಲ. ಕೇಳಿದ್ರೆ ಅವಳು ಅಳ್ತಾಳೆ, ಕೇಳ್ದಿದ್ರೆ ನೀನು ಅಳ್ತೀಯ. ನಾನು ಹೋಗಿ ಗಿರಣೀಲೇ ಮಲಗ್ತೀನಿ, ತಗೋ."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಅವನು ಮಾತು ಮುಗಿಸಿದ ಮೇಲೆ ಮತ್ತೆ ಶುರುವಾಯಿತು.

ಮುಂದಿನ ವಾರ ಮರಿಗಳು ಒಡೆದು ಬಂದವು. ಗೋಣಿಯಾಚೆ ಚಿಂವ್ ಚಿಂವ್ ಕೇಳಿ ಇನ್ಶಿರಾಳ ಎದೆ ಹಾರಿತು. ಕೋಳಿಯ ರೆಕ್ಕೆ ಎತ್ತಿ ನೋಡಿದಳು. ಹಳದಿ, ಕಂದು, ಕಪ್ಪು ಮರಿಗಳು. ಬೂದುಚುಕ್ಕೆಯದು ಒಂದೂ ಇರಲಿಲ್ಲ. ಸಾಲದ್ದಕ್ಕೆ ಮೂರು ಮರಿಗಳ ಕತ್ತು ಬೋಳು. ತಲೆಗೂ ಮೈಗೂ ನಡುವೆ ಕೆಂಪು ತೊಗಲು, ಸುಟ್ಟು ಗರಿ ಕಿತ್ತಂತೆ. ಇನ್ಶಿರಾಳ ಮಾಳಿಗೆಯಲ್ಲಿ ಅಂಥ ಕೋಳಿ ಎಂದೂ ಇರಲಿಲ್ಲ. ಅಂಥವು ಎಲ್ಲಿವೆಯೆಂದು ಅವಳಿಗೆ ಗೊತ್ತಿತ್ತು: ಹೆಣ್ಣು ಕೇಳಲು ಹೋದ ದಿನ ವಿದಾದಳ ತವರಿನ ಅಂಗಳದಲ್ಲಿ ಅವು ಓಡಾಡುತ್ತಿದ್ದವು. ಹಣ್ಣಾದ ಮೆಣಸಿನಕಾಯಿಗೆ ಕಾಲು ಬಂದ ಹಾಗಿವೆ ಎಂದು ಅವಳೇ ನಕ್ಕಿದ್ದಳು.

ರೆಕ್ಕೆ ಬಿಟ್ಟು ಎದ್ದಳು. ಕೆಳಗಿಳಿದು ಯಾರಿಗೂ ಏನೂ ಹೇಳಲಿಲ್ಲ. ತನ್ನ ಒಳ್ಳೆಯ ಮೊಟ್ಟೆಗಳು ಕಾಲುವೆಯಾಚೆ ಇನ್ನೊಂದು ಕೋಳಿಯಡಿ ಮರಿಯಾಗಿವೆ, ತಾಯಿಮಗಳು ತನ್ನ ತಳಿಯನ್ನೇ ಹೊತ್ತೊಯ್ದು ಈ ಬೋಳುಗತ್ತಿನವನ್ನು ಬದಲಿಗೆ ಇಟ್ಟಿದ್ದಾರೆ. ಅವಳ ಲೆಕ್ಕ ಅಲ್ಲಿಗೆ ಬಂದು ನಿಂತಿತು. ತಾನಾಗಿ ಬಾಯಿ ಬಿಡಲಿ ಎಂದು ಕಾದಳು. ವಿದಾದ್ ಬಾಯಿ ಬಿಡಲಿಲ್ಲ. ಮರಿಗಳನ್ನು ನೋಡಲು ಮೇಲೆ ಬರಲೂ ಇಲ್ಲ.

ಹೊಸ ಮರಿಗಳನ್ನು ಹಿಂಡಿಗೆ ಒಮ್ಮೆಲೇ ಬಿಡುವಂತಿಲ್ಲ. ಇನ್ಶಿರಾ ತಾಯಿಕೋಳಿಯನ್ನೂ ಮರಿಗಳನ್ನೂ ಖರ್ಜೂರದ ಗರಿಯ ಪಂಜರದಲ್ಲಿಟ್ಟಳು. ಹಳೆಯ ಹೇಟೆಗಳು ಸುತ್ತ ಬಂದು, ಕತ್ತು ಓರೆ ಮಾಡಿ, ಕಡ್ಡಿಗಳ ಸಂದಿನಿಂದ ಒಳಗೆ ನೋಡಿ ಹೋಗುತ್ತಿದ್ದವು. ಮರಿಗಳ ರೆಕ್ಕೆಯಲ್ಲಿ ಗರಿ ಮೂಡಿದ ಮೇಲೆ ಒಂದು ಮಧ್ಯಾಹ್ನ ಸೊಸೆಯನ್ನು ಕೂಗಿದಳು.

"ಮೇಲೆ ಬಾ. ಪಂಜರ ಎತ್ತಬೇಕು."

ಎತ್ತಿದರು. ಕೆಂಪು ಕೋಳಿ ಮರಿಗಳನ್ನು ಕರೆದುಕೊಂಡು ಹೊರಬಂತು. ಹಿಂಡಿನ ಯಜಮಾನಿಯಂತಿದ್ದ ಮುದಿ ಬೂದುಚುಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಟ್ಟನೆ ಓಡಿಬಂದು ಬೋಳುಗತ್ತಿನ ಮರಿಯೊಂದರ ಕೆಂಪು ತೊಗಲಿಗೇ ಕುಕ್ಕಿತು. ರಕ್ತ ಕಂಡದ್ದೇ ಉಳಿದವೂ ನುಗ್ಗಿದವು. ಇನ್ಶಿರಾ ಪೊರಕೆ ಎತ್ತುವಷ್ಟರಲ್ಲಿ ವಿದಾದ್ ಮಂಡಿಯೂರಿ ಬಿದ್ದು ಮರಿಯನ್ನು ಬೊಗಸೆಯಲ್ಲಿ ಮುಚ್ಚಿಕೊಂಡಿದ್ದಳು. ಕೋಳಿಗಳು ಅವಳ ಕೈಗೇ ಕುಕ್ಕಿದವು. ಕೆಂಪು ಕೋಳಿ ರೆಕ್ಕೆ ಬಿಚ್ಚಿ ಮುದಿ ಹೇಟೆಯ ಮೇಲೆ ಹಾರಿ, ಅದನ್ನು ನೀರಿನ ತೊಟ್ಟಿಯ ತನಕ ಅಟ್ಟಿತು.

"ಅಷ್ಟು ಸಂಕಟ ಆಯ್ತಾ?" ಎಂದಳು ಇನ್ಶಿರಾ. "ಆಗ್ದೆ ಇರುತ್ತಾ, ನಿನ್ನ ತವರಿನ ಮರಿ ತಾನೇ."

ವಿದಾದ್ ಮರಿಯ ಕತ್ತಿಗೆ ತಲೆವಸ್ತ್ರದ ಅಂಚು ಒತ್ತುತ್ತಿದ್ದಳು.

"ನನ್ನ ಮೊಟ್ಟೆ ಎಲ್ಲಿ, ಹುಡುಗಿ?"

"ಕಾಲುವೇಲಿ ಹಾಕ್ದೆ."

"ಕಾಲುವೇಲಿ!"

"ಸತ್ತಿದ್ವು ಯಮ್ಮಾ." ವಿದಾದ್ ಮರಿಯನ್ನು ಎದೆಗೆ ಒತ್ತಿಕೊಂಡಳು. "ನೀವು ಝಗಾಝೀಗ್‌ಗೆ ಹೊರಟ ದಿನ ಫೋನ್ ಬಂತು ಅಂತ ಗಾಬರೀಲಿ ಉಳಿದ ಕೋಳೀನೆಲ್ಲ ಮೇಲಕ್ಕಟ್ಟಿ ಬೀಗ ಹಾಕಿದ್ರಿ. ಗೋಣಿ ಎತ್ತಿ ನೋಡ್ಲಿಲ್ಲ. ಈ ಕೆಂಪಿ ಕೆಳಗೆ ಅಂಗಳದಲ್ಲಿ ಮಣ್ಣಾಡ್ತಿತ್ತು. ನೀವು ಹೋದ ಮೇಲೆ ನೋಡ್ದೆ. ಮಾಳಿಗೆ ಬಾಗಿಲ ಮುಂದೆ ನಿಂತ್ಕೊಂಡು ಕೂಗಿದ್ದೇ ಕೂಗಿದ್ದು. ಕೀಲಿ ನಿಮ್ಮ ಎದೇಲಿ."

"ಶಾಬಾನನಿಗೆ ಹೇಳೋಕಾಗ್ತಿರ್ಲಿಲ್ವಾ?"

"ಹೇಳಿದ್ರೆ ಬೀಗ ಒಡೀತಿದ್ರು. ನೀವು ಬಂದು ಒಡೆದ ಬೀಗ ನೋಡಿದ್ರೆ ಏನಂತಿದ್ರಿ?"

ಏನನ್ನುತ್ತಿದ್ದಳೋ ಇನ್ಶಿರಾಳಿಗೇ ಚೆನ್ನಾಗಿ ಗೊತ್ತಿತ್ತು.

"ರಾತ್ರಿಯೆಲ್ಲ ರೊಟ್ಟಿ ಬುಟ್ಟೀಲಿ ನಿಂಬೆಹಣ್ಣಿಟ್ಟು ಕೆಂಪೀನ ಕೂರಿಸ್ದೆ, ಕಾವು ಬಿಡದೆ ಇರ್ಲಿ ಅಂತ. ಪಾಪ, ಮೊಟ್ಟೆ ಅಂದ್ಕೊಂಡು ಕೂತ್ಕೊಂಡ್ತು. ನೀವು ಬಂದು ಬಾಗಿಲು ತೆಗೆದು ಮಲಗಿದ್ಮೇಲೆ ಮೇಲೆ ತಂದೆ. ಮೊಟ್ಟೆ ಮುಟ್ಟಿದ್ರೆ..."

"ಎಲ್ಲಾನೂ ತಣ್ಣಗಾಗಿದ್ವಾ?"

"ಎಲ್ಲಾನೂ. ಒಂದೊಂದನ್ನೂ ಕೆನ್ನೆಗೊತ್ತಿ ನೋಡ್ದೆ ಯಮ್ಮಾ. ಮಾರನೇ ದಿನ ಅಮ್ಮನ ಮನೆಯಿಂದ ಬೇರೆ ತಂದೆ. ಕತ್ತು ಬೋಳಿರೋದು ಬೇಡ ಅಂತ ಆರಿಸಿಯೇ ತಂದಿದ್ದು. ಮೊಟ್ಟೆ ನೋಡಿದ್ರೆ ಗೊತ್ತಾಗಲ್ವಲ್ಲ."

ಮುದಿ ಬೂದುಚುಕ್ಕೆ ತೊಟ್ಟಿಯ ಪಕ್ಕ ನಿಂತು ಗರಿ ಸರಿಪಡಿಸಿಕೊಳ್ಳುತ್ತಿತ್ತು. ಇನ್ಶಿರಾ ಅದನ್ನೇ ಬಹಳ ಹೊತ್ತು ನೋಡಿದಳು. ಆ ತಳಿಯಲ್ಲಿ ಅದರ ಹಿಂದೆ ಇನ್ನು ಯಾವುದೂ ಬರುವಂತಿರಲಿಲ್ಲ. ಸೊಸೆಯಲ್ಲಿ ಇನ್ನೊಂದು ತಪ್ಪು ಹುಡುಕಿದಳು.

"ಬುಟ್ಟಿಯ ಮೊಟ್ಟೆ? ಅದೂ ತಣ್ಣಗಾಗ್ತಿತ್ತೇನು?"

"ಅದು ನಾನೇ," ಎಂದಳು ವಿದಾದ್. "ಬೇಯಿಸ್ಕೊಂಡು ತಿಂದೆ. ನಿಮ್ಮ ಮುಂದೆ ಎರಡನೇ ರೊಟ್ಟಿಗೆ ಕೈ ಹಾಕೋಕೆ ಭಯ."

ಕೆಂಪು ಕೋಳಿ ಮರಿಗಳನ್ನು ರೆಕ್ಕೆಯಡಿ ಎಳೆದುಕೊಂಡು ಪಂಜರದ ಪಕ್ಕ ಕೂತಿತು. ವಿದಾದ್ ಬೊಗಸೆ ಬಿಚ್ಚಿದಳು. ಗಾಯದ ಮರಿ ತೂರಾಡುತ್ತ ಹೋಗಿ ಅದರ ಎದೆಗೆ ತಲೆ ತುರುಕಿತು. ಹಳೆಯ ಹೇಟೆಗಳು ದೂರದಿಂದ ಕತ್ತು ನೀಡಿ ನೋಡಿದವು.

ಮಸೀದಿಯಿಂದ ಇಳಿಹೊತ್ತಿನ ಅಸರ್ ಬಾಂಗು ಶುರುವಾಯಿತು. ಇನ್ಶಿರಾ ಪೊರಕೆಯನ್ನು ಸೊಸೆಯ ಕಡೆ ಚಾಚಿದಳು.

"ನಮಾಜು ಮುಗಿಸಿ ಬರ್ತೀನಿ. ಕಣ್ಣು ಮಿಟುಕಿಸ್ಬೇಡ, ಮುದುಕಿ ಮತ್ತೆ ಬರುತ್ತೆ. ಕತ್ತಿಗೆ ಅರಿಶಿನ ಹಚ್ಚಬೇಕು, ತರ್ತೀನಿ." ಎರಡು ಹೆಜ್ಜೆ ಹೋಗಿ, ತಿರುಗದೆಯೇ ಅಂದಳು: "ನಿನ್ನ ಕೈಗೂ."

ಕೆಳಗಿಳಿಯುತ್ತ ಮೆಟ್ಟಿಲ ನಡುವೆ ಅವಳ ಕಾಲು ತಾನಾಗಿಯೇ ನಿಂತಿತು. ಮೇಲೆ ವಿದಾದ್ ಮೆಲ್ಲಗೆ ಏನೋ ಮಾತಾಡುತ್ತಿದ್ದಳು, ಕೋಳಿಯೊಂದಿಗೋ ಮರಿಗಳೊಂದಿಗೋ ತಿಳಿಯಲಿಲ್ಲ. ಆಮೇಲೆ ಒಬ್ಬಳೇ ನಕ್ಕಳು. ಯಾಕೆ ನಕ್ಕಳೆಂದು ಇನ್ಶಿರಾಳಿಗೆ ಗೊತ್ತಾಗಲಿಲ್ಲ. ಬಾಂಗು ಮುಗಿಯಿತು. ಅವಳು ಗೋಡೆಗೆ ಅಂಗೈ ಆನಿಸಿ, ಮೇಲಕ್ಕೆ ಕಿವಿಗೊಟ್ಟು, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.