ಮೂರನೇ ನುಡಿಯ ತಬಲಾ

ದೇವದುರ್ಗದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ರೇಣುಕಮ್ಮ ತತ್ವಪದ ಹಾಡುವವಳು. ಗಂಡ ಹಂಪಣ್ಣ ತಬಲಾ ಬಾರಿಸುತ್ತಿದ್ದ. ನಾಲ್ಕು ವರ್ಷದ ಹಿಂದೆ ಇಬ್ಬರೂ ರಾಯಚೂರಿನ ರೇಡಿಯೊ ಕೇಂದ್ರಕ್ಕೆ ಹೋಗಿ ಒಂದು ಪದ ರೆಕಾರ್ಡ್ ಮಾಡಿಸಿ ಬಂದಿದ್ದರು. ಮರುವರ್ಷ ಹಂಪಣ್ಣ ಎದೆನೋವಿನಿಂದ ತೀರಿಕೊಂಡ. ಅವನ ಕೈ ಕೇಳುವುದಿದ್ದರೆ ಈಗ ಆ ಒಂದೇ ಪದದಲ್ಲಿ.

ಎಫ್‌ಎಂನಲ್ಲಿ ಅದು ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಆದರೆ ದೇವದುರ್ಗ ಮುಟ್ಟುವಷ್ಟರಲ್ಲಿ ಎಣ್ಣೆಯಲ್ಲಿ ಹಪ್ಪಳ ಬಿಟ್ಟಂಥ ಸದ್ದು. ಅವಳ ದನಿ ಹೇಗೋ ಮೇಲೆದ್ದು ಬರುತ್ತಿತ್ತು, ತಬಲಾ ಮುಳುಗಿಹೋಗುತ್ತಿತ್ತು. ಸೆಟ್ಟು ಕೆಟ್ಟಿತೆಂದುಕೊಂಡು ಮಾನ್ವಿಗೆ, ರೇಡಿಯೊ ರಿಪೇರಿಯ ಅಲ್ಲಾಉದ್ದೀನನ ಹತ್ತಿರ ಒಯ್ದಳು.

ಅವನು ಬಿಚ್ಚಿ ನೋಡಿ ಹೇಳಿದ: “ಸೆಟ್ ಖರಾಬ್ ಆಗಿಲ್ರೀ ಅಕ್ಕಾರ. ದೂರ ಹೋದಂಗ ಸಿಗ್ನಲ್ ಸಣ್ಣಾಗ್ತದ. ಮೋನೋ ಬಟನ್ ಒತ್ತಿದ್ರ ಗದ್ದಲ ಕಮ್ಮಿ ಆಗ್ತದ, ಆದ್ರ ಹಾಡು ತಬಲಾ ಎಲ್ಲಾ ಕಲಸಿ ಬರ್ತದ. ಸಾಫ್ ಕೇಳ್ಬೇಕಂದ್ರ ರಾಯಚೂರಿಗೇ ಹೋಗಿ ಇಯರ್‌ಫೋನ್ ಹಾಕ್ಕೊಂಡು ಕೇಳ್ರಿ, ಒಂದೊಂದು ಕಿವ್ಯಾಗ ಒಂದೊಂದು ಬ್ಯಾರೆ ಬರ್ತದ.”

ಕೇಂದ್ರಕ್ಕೆ ಫೋನು ಮಾಡಿ ಪದ ಬರುವ ದಿನ ತಿಳಿದುಕೊಂಡಳು. ರಜೆ ಕೇಳಿ ರಾಯಚೂರಿಗೆ ಹೋಗಿ, ಕೆರೆ ದಂಡೆಯ ಬೆಂಚಿನ ಮೇಲೆ ಕೂತು ಸೆಟ್ಟಿನ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡಳು.

ಬಲಗಿವಿಯಲ್ಲಿ ತನ್ನ ದನಿ. ಎಡಗಿವಿಯಲ್ಲಿ ಹಂಪಣ್ಣ. ಅವನ ಅಂಗೈ ತಬಲಾದ ಚರ್ಮಕ್ಕೆ ಉಜ್ಜುವ ಸಪ್ಪಳ ಕೂಡ ಕೇಳುತ್ತಿತ್ತು. ಮಗ್ಗುಲಲ್ಲೇ ಕೂತಿದ್ದಾನೆ ಅನ್ನುವ ಹಾಗೆ.

ಪದದ ಮೂರನೇ ನುಡಿ ಬಂತು. ಅಲ್ಲಿ ಅವನು ಒಂದು ಸುತ್ತು ಹೆಚ್ಚಿಗೆ ಬಾರಿಸಿದ್ದ. ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಬೈದಿದ್ದಳು: “ತಾಳ ತಪ್ಪಿ ಮಂದಿ ನಗಂಗ ಮಾಡಿದಿ.” “ತಪ್ಪಾತು ಬಿಡಬೇ” ಅಂದು ಅವನು ನಕ್ಕಿದ್ದ.

ಈಗ ಬಲಗಿವಿಯಲ್ಲಿ ಮೊದಲು ಕೇಳಿಸಿದ್ದು ತನ್ನದೇ ಏದುಸಿರು. ನುಡಿ ಎತ್ತಲು ಹೋಗಿ ದನಿ ಒಡೆದಿತ್ತು. ಅದನ್ನು ಮುಚ್ಚಿಕೊಂಡು ತಬಲಾ ಇನ್ನೊಂದು ಸುತ್ತು ತಿರುಗಿತು. ಅದರ ಅಡಿಯಲ್ಲಿ, ಎಡಗಿವಿಯಲ್ಲಷ್ಟೇ, ಪಿಸುದನಿ: “ತಡಿ, ಉಸುರು ತಗೋ.”

ರೇಣುಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಯಾರಿಗಾದರೂ ಹೇಳಬೇಕಿತ್ತು. ಬೆಂಚಿನ ಆ ತುದಿಯಲ್ಲಿ ಒಬ್ಬ ಮುದುಕಿ ಮೊಮ್ಮಗಳ ದಾರಿ ಕಾಯುತ್ತ ಕೂತಿದ್ದಳು. ಒಂದು ಇಯರ್‌ಫೋನು ತೆಗೆದು ಅವಳ ಕೈಗಿಟ್ಟು, “ನನ್ನ ಗಂಡ ರೀ, ಸ್ವಲ್ಪ ಕೇಳ್ರಿ” ಅಂದಳು.

ಅಷ್ಟರಲ್ಲಿ ಪದ ಮುಗಿದು ಹತ್ತಿಬೀಜದ ಜಾಹೀರಾತು ಶುರುವಾಗಿತ್ತು. ಮುದುಕಿ ಪೂರ್ತಿ ಕೇಳಿ, “ಛಲೋ ಮಾತಾಡ್ತಾನ ನೋಡವ್ವ” ಅಂದಳು.

“ಹೂಂ ರೀ” ಅಂದು ರೇಣುಕಮ್ಮ ದೇವದುರ್ಗದ ಬಸ್ಸಿಗೆ ಎದ್ದಳು.