ಒಂದು ಗಂಟೆ ಎಂದು ಬರೆದದ್ದು

ನಮ್ಮದು ಹಲ್ಲಿನ ತೂತು ತುಂಬುವ ಅಂಟು ತಯಾರಿಸುವ ಪ್ರಯೋಗಾಲಯ. ಅಂಟಿಗೆ ಬಲ ಕೊಡುವುದು ಅದರೊಳಗಿನ ಗಾಜಿನ ಪುಡಿ. ಆದರೆ ಗಾಜಿಗೂ ಅಂಟಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ರಾಜಿ ಮಾಡಿಸಲು ಸಿಲೇನ್ ಎಂಬ ದ್ರವ ಬೇಕು. ಅದನ್ನು ನೀರು, ಆಲ್ಕೋಹಾಲಿನಲ್ಲಿ ಒಂದು ಗಂಟೆ ಕಲಕಿ, ಆಮೇಲೆ ಪುಡಿ ಹಾಕಬೇಕು. ಪ್ರತಿ ಕಣಕ್ಕೂ ಲೇಪ ಸರಿಯಾಗಿ ಕೂತರೆ ಅಂಟು ಗಟ್ಟಿಯಾಗುತ್ತದೆ.

ಏಳನೇ ಬ್ಯಾಚ್ ನಾನು ಮಾಡಿದ್ದು. ಬಲ ಪರೀಕ್ಷಿಸಲು ಅದರಿಂದ ಮಾಡಿದ ಕಡ್ಡಿಗಳನ್ನು ಮುರಿಯುವುದರಲ್ಲಿ ಯಂತ್ರವೇ ಸುಸ್ತಾಯಿತು. ಅದನ್ನೇ ಮತ್ತೆ ಮಾಡುವ ಕೆಲಸ ತಂತ್ರಜ್ಞೆ ಗಡಿಯಾರಮ್ಮನವರ ಪಾಲಿಗೆ ಬಂತು. ಕೈಗಡಿಯಾರ ನೋಡದೆ ನೀರೂ ಕುಡಿಯದವರು ಎಂದು ನಾವೇ ಇಟ್ಟ ಹೆಸರದು. ಮೂರು ವಾರದಲ್ಲಿ ಆರು ಸಲ, ನನ್ನ ದಾಖಲೆ ಪುಸ್ತಕದಲ್ಲಿದ್ದಂತೆ ನಿಮಿಷ ತಪ್ಪದೆ ಮಾಡಿದರು. ಆರು ಸಲವೂ ಕಡ್ಡಿಗಳು ಪಟಪಟನೆ ಮುರಿದವು.

ಒಂದೊಂದು ಕಡ್ಡಿ ಮುರಿದಾಗಲೂ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತೊಳೆದ ಬೀಕರನ್ನೇ ಮತ್ತೆ ತೊಳೆಯುತ್ತಿದ್ದೆ. ಯಾರಾದರೂ "ಪುಸ್ತಕ" ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಯಾಕೆಂದರೆ ಪುಸ್ತಕದಲ್ಲಿದ್ದ "ಒಂದು ಗಂಟೆ" ಸುಳ್ಳು. ಅವತ್ತು ಗಂಟೆ ತುಂಬಿ ಇನ್ನೇನು ಪುಡಿ ಹಾಕಬೇಕು, ಅಷ್ಟರಲ್ಲಿ ಅಕ್ಕನ ಫೋನು ಬಂತು. ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದಳು. ದ್ರಾವಣ ಇಲ್ಲಿ ಗಿರಗಿರ ಸುತ್ತುತ್ತಲೇ ಇತ್ತು, ನಾನು ಹಿಂದಿನ ಮೆಟ್ಟಿಲ ಬುಡದಲ್ಲಿ ಕೂತಿದ್ದೆ. ಆಮೇಲೆ ಅದನ್ನೇ ಬಳಸಿ, ಬೈಸಿಕೊಳ್ಳುವ ಹೆದರಿಕೆಗೆ ಒಂದು ಗಂಟೆ ಎಂದು ಬರೆದೆ.

ಶುಕ್ರವಾರ ಮೇಷ್ಟ್ರು, ಅಂದರೆ ನಮ್ಮ ಮುಖ್ಯಸ್ಥರು, ಎಲ್ಲರೆದುರೇ ಹೇಳಿದರು. "ಗಡಿಯಾರಮ್ಮ, ನಿಮ್ಮ ಕೈಯಲ್ಲೇ ಏನೋ ದೋಷ ಇದೆ. ತಿಂಗಳ ಕೊನೆಗೆ ಬೇರೆಯವರನ್ನ ನೋಡ್ತೀನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

"ಸರ್, ಪುಸ್ತಕ ತಪ್ಪು. ದ್ರಾವಣ ಜಾಸ್ತಿ ಹೊತ್ತು ಸುತ್ತಿತ್ತು" ಎಂದೆ.

ಅವರು ಬೈಯಲಿಲ್ಲ. ಪೆನ್ನು ತೆಗೆದರು. "ಎಷ್ಟು ಹೊತ್ತು?"

"ಫೋನು ನಲವತ್ತಾರು ನಿಮಿಷ. ಆಮೇಲೆ ಅಳ್ತಾ ಕೂತಿದ್ದೆ."

"ಅದೆಷ್ಟು ಹೊತ್ತು?"

ನನಗೇನು ಗೊತ್ತು. ಅಳುವವರು ಗಡಿಯಾರ ನೋಡುತ್ತಾರೆಯೇ?

"ಹದಿನೆಂಟು ನಿಮಿಷ" ಎಂದರು ಗಡಿಯಾರಮ್ಮ.

ನಾನು ತಿರುಗಿ ನೋಡಿದೆ.

"ಮೆಟ್ಟಿಲ ಮೇಲ್ಗಡೆ ನಿಂತಿದ್ದೆ ಮೇಡಂ. ಯಾರಾದ್ರೂ ಇಳಿದು ಬಂದ್ರೆ ನಿಮಗೆ ಮುಜುಗರ ಆಗುತ್ತೆ ಅಂತ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದೆ.

"ಪುಸ್ತಕದಲ್ಲಿ ಒಂದು ಗಂಟೆ ಅಂತ ಇತ್ತಲ್ಲ. ಹಳೇದು ಚೆಲ್ಲಿ ಹೊಸದು ಮಾಡಿರ್ತೀರಿ ಅಂದ್ಕೊಂಡೆ. ನೀವು ಬರೆದಿದ್ದಲ್ವಾ."