ಕುರುಡು ಗಂಜಿ

ಹಿಮದ ಮೇಲೆ ಸ್ಕೀ ಹಲಗೆ ಉಜ್ಜಿದ ಸದ್ದು, ಬಂದ ಅಂದುಕೊಂಡೆ, ಬಾಗಿಲ ಹತ್ತಿರ ನಿಲ್ಲಬೇಕಿತ್ತು ಆ ಸದ್ದು, ನಿಲ್ಲಲಿಲ್ಲ, ಕಿಟಕಿ ದಾಟಿ ಅಂಗಳದಾಚೆ ಅತ್ತೆಯ ಕೋಣೆ ಕಡೆ ಹೋಯ್ತು — ಹೋಗು ಮಾರಾಯ, ನಿಮ್ಮಮ್ಮನ ಹತ್ರಾನೇ ಹೋಗು, ನಾನೇನು ಕೈ ಹಿಡಿದು ಎಳೀತೀನಾ, ಒಲೆ ಮೇಲೆ ಬಾರ್ಲಿ ಗಂಜಿ ಗುಳುಗುಳು ಅಂತಿದೆ, ಬೆಳಗಿನಿಂದ ಕುದ್ದದ್ದು, ಪಕ್ಕದಲ್ಲಿ ಕಾಡಿನ ಕೆಂಪು ಹಣ್ಣು ಜಜ್ಜಿಟ್ಟಿದ್ದೀನಿ, ಕ್ಯಾರೆಟ್ ಬೆಂದಿದೆ, ಯಾರಿಗೆ ಇದೆಲ್ಲ, ವಿಲ್ಯೊ ಕಾಡಿಂದ ಬಂದವನು ನೇರ ಅಲ್ಲಿಗೆ ಹೋದ್ಮೇಲೆ ಯಾರಿಗೆ, ಆದರೂ ಅವನ ಬಟ್ಟಲಿಗೆ ಬಡಿಸಿಯೇ ಬಿಟ್ಟೆ, ಅಭ್ಯಾಸ ನೋಡು, ಚಮಚದ ಬೆನ್ನು ತಾನಾಗೇ ಗಂಜಿ ನಡುವೆ ಗುಳಿ ಒತ್ತಿಬಿಡ್ತು, ಬೆಣ್ಣೆ ಇಡೋ ಗುಳಿ, ಇಟ್ಟ ಬೆಣ್ಣೆ ಕರಗಿ ಹಳದಿಯಾಗಿ ಮಿನುಗಿದರೆ ಅದೇ ಕಣ್ಣು, ಹುಟ್ಟಿದಾಗಿನಿಂದ ನಾವೆಲ್ಲ ತಿಂದದ್ದು ಕಣ್ಣಿರೋ ಗಂಜೀನೇ, ನಾನು ಬೆಣ್ಣೆ ನಿಲ್ಲಿಸಿದ ದಿನ ಅತ್ತೆ ಬಟ್ಟಲು ನೋಡಿ ಅಂದಿದ್ರು, ಇದೇನೇ ಸೈಮಿ, ನನ್ನ ಮಗನಿಗೆ ಕುರುಡು ಗಂಜಿ ಹಾಕ್ತೀಯಾ. ಹೂಂ, ಕುರುಡೇ. ಗಂಜಿ ಕುರುಡಾಗಲಿ, ಗಂಡ ಬದುಕಲಿ. ಹಾಗಂತ ಬಾಯಿಬಿಟ್ಟು ಹೇಳಲಿಲ್ಲ, ಮೂರು ಮಕ್ಕಳನ್ನ ಮಣ್ಣು ಮಾಡಿದ ಮುದುಕಿ ಎದುರು ಹೇಗೆ ಹೇಳೋದು.

ವಿಲ್ಯೊನ ಅಣ್ಣ ಆರ್ವಿ ಹೋದದ್ದು ಕಟ್ಟಿಗೆ ಒಡೀತಾ, ಕೊಡಲಿ ಎತ್ತಿದವನು ಇಳಿಸಲೇ ಇಲ್ಲ, ನೀಲೊ ಸೌನಾದ ಹಬೆ ಕೋಣೆಯಲ್ಲಿ ಕೂತಲ್ಲೇ, ಹೋದ ಚಳಿಗಾಲ ಒಟ್ಟೊ, ಎಲ್ಲರೂ ಐವತ್ತು ಕಾಣದ ಗಂಡಸರು, ಊರಲ್ಲಿ ಯಾರೂ ಬೆರಗಾಗೋದೂ ಇಲ್ಲ, ನಮ್ಮ ಕರೇಲಿಯಾ ಸೀಮೆ ಗಂಡಸಿನ ಎದೆ ಅಷ್ಟೇ ಅಂತಾರೆ, ಕಾಫಿ ಕುಡೀತಾರೆ, ತಿಥಿ ಮೇಜಿನ ರೊಟ್ಟಿಗೆ ಬೆರಳು ದಪ್ಪ ಬೆಣ್ಣೆ ಬಳೀತಾರೆ, ತೆಳ್ಳಗೆ ಬಳಿದರೆ ಜಿಪುಣರು ಅಂದಾರು ಅಂತ — ಒಟ್ಟೊನ ಮಣ್ಣಿನ ದಿನ ಆ ಮೇಜಿನ ಸುತ್ತ ನಾನು ನೋಡಿದೆ, ನಾಲ್ವರಲ್ಲಿ ಉಳಿದವನು ಒಬ್ಬನೇ, ನನ್ನವನು, ಅವನೂ ಬೆಣ್ಣೆ ಬಳೀತಿದ್ದ. ಆಮೇಲೆ ಊರಿಗೆ ಹೃದಯದ ಡಾಕ್ಟರುಗಳು ಬಂದರು, ಹೆಂಗಸರ ಸಂಘದಲ್ಲಿ ತರಕಾರಿ ಅಡಿಗೆ ಹೇಳಿಕೊಟ್ಟರು, ಹಂದಿ ಮಾಂಸ ಹಾಕೋ ಕಡೆ ಗಡ್ಡೆ ಹಾಕಿ, ಕೊಬ್ಬಿನ ಬದಲು ಎಣ್ಣೆ, ಉಪ್ಪು ಕಮ್ಮಿ, ಬೇರೆಯವರು ನಕ್ಕರು, ನಾನು ನಗಲಿಲ್ಲ. ವಿಲ್ಯೊ ಗೊಣಗಿದ, ನಾನೇನು ಮೊಲವೇನೇ, ಮರ ಕಡಿಯೋ ಜೊತೆಗಾರರು ಕೆಣಕಿದರು, ನಿನ್ನ ಹೆಂಡ್ತಿ ನಿನ್ನನ್ನೂ ಕುದುರೆ ಪಕ್ಕ ಕಟ್ಟಿ ಮೇಯಿಸ್ತಾಳಂತೆ, ಆದರೂ ತಿಂದ, ಸಿಗರೇಟು ಒಲೆಗೆ ಹಾಕಿದ, ಹೊಗೆ ಬಿಟ್ಟೆ ಬೆಣ್ಣೆ ಬಿಟ್ಟೆ, ಇನ್ನು ನಿನ್ನನ್ನೂ ಬಿಟ್ಟರೆ ನೂರು ವರ್ಷ ಬದುಕ್ತೀನಿ ಕಣೇ ಅಂದ, ಎಷ್ಟು ನಕ್ಕೆ ನಾನು ಆವತ್ತು, ಎಷ್ಟು ನಂಬಿದೆ.

ನರ್ಸಮ್ಮ ವಿಲ್ಯೊನ ರಕ್ತ ನೋಡಿ ಅಡ್ಡಡ್ಡ ತಲೆ ಆಡಿಸಿದಳು, ಕೊಲೆಸ್ಟ್ರಾಲ್ ಕದಲಿಲ್ಲ, ಮನೇಲಿ ಏನು ಅಡಿಗೆ ಮಾಡ್ತೀರಿ ಸೈಮಿ ಅಂತ ನನ್ನನ್ನೇ ಕೇಳಿದಳು, ನನ್ನನ್ನ, ಮನೆಗೆ ಬಂದು ಅತ್ತಿದ್ದೂ ಆಯ್ತು, ಆಮೇಲೆ ಹೋದ ಭಾನುವಾರ, ಹಣ್ಣಿನ ರಸ ಕೊಡೋಣ ಅಂತ ಅತ್ತೆಯ ಬಾಗಿಲು ತೆಗೆದರೆ — ಮೇಜಿನ ಮುಂದೆ ವಿಲ್ಯೊ, ಇಷ್ಟೆತ್ತರದ ಗಂಡಸು ಶಾಲೆಯಿಂದ ಬಂದ ಹುಡುಗನ ಹಾಗೆ ಕೂತಿದ್ದಾನೆ, ಬಟ್ಟಲಲ್ಲಿ ಹಳದಿ ಕಣ್ಣು, ನನ್ನನ್ನೇ ನೋಡ್ತಿದೆ. ದಿನಾ ಇಲ್ಲೇ ತಿಂತಿದ್ಯಾ, ಅಂದೆ. ಅವನು ತಲೆ ಎತ್ತಲಿಲ್ಲ. ಅತ್ತೆ ಎತ್ತಿದರು, ಮೆಲ್ಲಗೇ ಅಂದರು, ಯುದ್ಧದಲ್ಲಿ ಊರು ಬಿಟ್ಟು ಬಂದ್ವಲ್ಲ ಸೈಮಿ, ದನ ತುಂಬೋ ರೈಲು ಡಬ್ಬಿಯಲ್ಲಿ, ನಾಲ್ಕು ಹುಡುಗರಿಗೂ ಹಿಟ್ಟು ನೀರು ಕಾಸಿ ಕೊಟ್ಟೆ, ಈ ಚಿಕ್ಕದು ಕೇಳ್ತು, ಅಮ್ಮಾ ಕಣ್ಣೆಲ್ಲಿ ಅಂತ, ಬೆಣ್ಣೆ ಇರಲಿಲ್ಲ, ಬರೀ ಗುಳಿ ಒತ್ತಿ ಕೊಟ್ಟೆ, ಅವತ್ತೇ ಅಂದುಕೊಂಡೆ ನಾನು ಉಸಿರಿರೋವರೆಗೂ ನನ್ನ ಮಕ್ಕಳಿಗೆ ಕಣ್ಣಿಲ್ಲದ ಗಂಜಿ ಕೊಡಲ್ಲ ಅಂತ. ಅದೇ ಕಣ್ಣು ಅತ್ತೆ, ಆ ಮೂವರನ್ನೂ ತಿಂದದ್ದು ಅದೇ ಕಣ್ಣು, ಅನ್ನಬೇಕಿತ್ತು, ಅಂದರೆ ಅವರು ಅಲ್ಲೇ ಕುಸೀತಿದ್ದರು, ತಾಯಿಗೆ ಯಾರಾದರೂ ಅದನ್ನ ಹೇಳ್ತಾರಾ, ಸುಮ್ಮನೆ ಬಾಗಿಲು ಹಾಕಿಕೊಂಡು ಬಂದೆ, ಅವತ್ತಿನಿಂದ ಅವನಿಗೂ ನನಗೂ ಮಾತಿಲ್ಲ.

ಅವನು ಆ ಕಡೆ ಹೋಗಿ ಗಂಟೆಯಾಗ್ತಾ ಬಂತು, ಸಾಕು ಈ ಮುನಿಸು, ಹೋಗಿ ಕರೀತೀನಿ, ಇವತ್ತು ಬೆಳಗ್ಗೆ ಹೊರಡುವಾಗ ಎಡಗೈ ಜೋಮು ಹಿಡಿದ ಹಾಗೆ ಕೊಡವುತ್ತಿದ್ದ, ಚಳಿ ಇರಬೇಕು ಅಂದುಕೊಂಡೆ, ಕೇಳಬಹುದಿತ್ತು, ಕೇಳ್ತೀನಿ ಈಗ, ಇಲ್ಲಿ ಬಾ, ನನ್ನ ಕುರುಡು ಗಂಜಿ ತಿನ್ನು, ಬೈಕೊಂಡೇ ತಿನ್ನು — ಬಾಗಿಲು ಕಿರ್ ಅಂತು, ಅವನೇ, ಅಲ್ಲ, ಅತ್ತೆ, ಶಾಲಿನ ಮೇಲೆ ಹಿಮ, ಎರಡೂ ಕೈಯಲ್ಲಿ ಬಟ್ಟಲು, ಯಾಕೆ ತಂದರು ಬಟ್ಟಲನ್ನ, ಮುಟ್ಟೇ ಇಲ್ಲ ಸೈಮಿ, ಅಂದರು, ಒಂದು ಚಮಚಾನೂ ತಿಂದಿಲ್ಲ, ಬಂದವನು ಕೂತ, ಮೇಜಿನ ಮೇಲೆ ತಲೆ ಇಟ್ಟ, ಹಾಗೇ ನಿದ್ದೆ ಹೋದ, ಕಾಡಲ್ಲಿ ದಣಿದಿದ್ದಾನೆ ಪಾಪ, ಕೈ ತಣ್ಣಗಿತ್ತು, ಕಂಬಳಿ ಹೊದಿಸಿದ್ದೀನಿ, ಎಬ್ಬಿಸೋಕೆ ಮನಸ್ಸು ಬರಲಿಲ್ಲ, ಇದನ್ನ ಸ್ವಲ್ಪ ಬಿಸಿ ಮಾಡಿಕೊಡು, ಎದ್ದ ಮೇಲೆ ತಿಂತಾನೆ. ಹಗಲಲ್ಲಿ ಮಲಗೋನಲ್ಲ ಅವನು, ಅತ್ತೆ, ನನ್ನ ಗಂಡ ಹಗಲಲ್ಲಿ ಮಲಗಿದ್ದು ನಾನು ಕಂಡೇ ಇಲ್ಲ, ಓಡಬೇಕು, ಅತ್ತೆ ಬಟ್ಟಲನ್ನ ಮೇಜಿನ ಮೇಲೆ ನಾನು ಬಡಿಸಿಟ್ಟ ಬಟ್ಟಲ ಪಕ್ಕದಲ್ಲೇ ಇಟ್ಟರು, ನನ್ನದರಲ್ಲಿ ಬರೀ ಗುಳಿ, ಅದರಲ್ಲಿ ಕಣ್ಣು, ಕರಗಿ ಮತ್ತೆ ಹೆಪ್ಪುಗಟ್ಟಿದ ಕಣ್ಣು, ಹಳದಿ, ರೆಪ್ಪೆ ಇಲ್ಲದ್ದು, ಕಣ್ಣು, ನನ್ನನ್ನೇ ನೋಡ್ತಿರೋ ಕಣ್ಣು